ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನೆರೆಯವರ ಸಹಾಯ

ನಾಲ್ಕನೆಯ ತರಗತಿಗೆ ಬಂದರೂ ಪಾಠದ ಒಂದು ಸಾಲನ್ನು ಓದಲಾರದ ಮಗುವನ್ನು ದಡ್ಡನೆಂದು ಕರೆಯುವದು ನ್ಯಾಯವಲ್ಲ. ತರಗತಿಯು ಮುಂದಕ್ಕೆ ಹೋಗುವದು. ಮಗುವು ತಡೆದ ಅಕ್ಷರದಲ್ಲಿಯೇ ನಿಂತಿರುವದು. ದಿನಕ್ಕೆ ಒಂದು ಗಂಟೆ ಅದರ ಬಳಿಯಲ್ಲಿ ಕುಳಿತುಕೊಳ್ಳುವವರು ಬೇಕು.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ 2005-06ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಪ್ರಥಮ್ ಸಂಸ್ಥೆಯಿಂದ ಕೆಲವೇ ದಿನಗಳ ತರಬೇತಿಯನ್ನು ಹೊಂದಿದ ಊರಿನ ಯುವಜನರು ಸಂಬಳವಿಲ್ಲದೆ, ಶಾಲೆಯ ವೇಳೆಯ ಹೊರಗೆ, ಓದು ಕಲಿಸಿದರು. ಏನೂ ಓದಲಾರದ ಮಕ್ಕಳಲ್ಲಿ ಈ ಕೂಟಗಳಿಗೆ ಬಂದವರು ಬಾರದವರಿಗಿಂತ ಬಹಳ ಹೆಚ್ಚಾಗಿ ಅಕ್ಷರಗಳನ್ನು ಗುರುತಿಸಲು ಕಲಿತರು. ಆದರೆ ಬಂದವರು ಸ್ವಲ್ಪವೇ ಮಂದಿ. ಕರೆದು ತರುವ ಕೆಲಸವು ಕಲಿಸುವದಕ್ಕಿಂತ ಕಿರಿದಲ್ಲವೆಂದು ನಮಗೆ ತೋರುತ್ತದೆ.

ಕನ್ನಡದ ಬಹು ಹಳೆಯ ಶಾಸನವು ದೊರೆತ ಹಲ್ಮಿಡಿಯು ಬೇಲೂರು ತಾಲ್ಲೂಕಿನದೇ. ಅಂಥ ಸೀಮೆಯ ಮಗುವು ಬಸ್ಸಿನ ಹಣೆಯ ಮೇಲಿನ ಊರ ಹೆಸರನ್ನು ಓದಲಾರದೆ ನಿಲ್ಲಬೇಕೇ? ಅಲ್ಲಿಂದಲೇ ಆರಂಭಿಸಿರಿ. ಅರಸೀಕೆರೆ, ಬೇಲೂರು, ಹಳೇಬೀಡು ಎಂಬ ಮೂರರಲ್ಲಿಯೂ ಒತ್ತಕ್ಷರವಿಲ್ಲ. ಕಾಗುಣಿತವನ್ನು ಬಲ್ಲ ಮಗುವು ಓದೀತು. ತರುವಾಯ ಅಕ್ಕ, ಹಳ್ಳಿ, ಬೆಲ್ಲ ಎಂಬಂತೆ ಅದೇ ಅಕ್ಷರವು ಒತ್ತಾಗಿರುವ ಮಾತುಗಳನ್ನು ಓದಿಸಿರಿ. ಪುಸ್ತಕ, ಚಂದ್ರ ಮೊದಲಾದವು ಆಮೇಲೆ ಬರಲಿ. ಅಲ್ಲಿ ಮಗುವು ತಡೆದರೆ ನೀವೇ ಓದಿ ಹೇಳಿಬಿಡದೆ, ಒತ್ತನ್ನು ಬೆರಳಿನಿಂದ ಮುಚ್ಚಿ ಮೇಲಿನ ಅಕ್ಷರಗಳನ್ನು ಮಾತ್ರ ಓದಿಸಿ, ಅನಂತರ ಬೆರಳನ್ನು ತೆಗೆಯಿರಿ.