ಅಜ್ಜಂಪುರದ ಕಾಲಂಗೆ ಸೊನ್ನೆ ತುಂಬಬೇಡ



ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಈರುಳ್ಳಿ ಬಿತ್ತನೆ ಲೆಕ್ಕವನ್ನೆಲ್ಲ ಒಂದೇ ಕೋಷ್ಟಕಕ್ಕೆ ತರುತ್ತಿದ್ದೀಯಂತೆ. ಹಳೆಯ 10 ವರ್ಷದ ಕೆಳಗೆ ಹೊಸ 5 ವರ್ಷ ಸೇರಿಸಲು ಹೋದರೆ, ಅಂಕಿಗಳ ಲೆಕ್ಕ ಮಾಡುವ ಲೈಬ್ರರಿ ನಮ್‌ಪೈ ಒಪ್ಪುತ್ತಿಲ್ಲ ಎಂದು ನಿನ್ನಪ್ಪ ಹೇಳಿದ. ಒಪ್ಪದಿದ್ದದ್ದೇ ಒಳ್ಳೆಯದಾಯಿತು.

ಇರುವ ಅಕ್ಷದ ಉದ್ದಕ್ಕೆ ಎರಡು ಅರೇಗಳನ್ನು (ಅಂಕಿಗಳ ಕೋಷ್ಟಕಗಳನ್ನು) ಜೋಡಿಸಿದಾಗ ಬೆಳೆಯುವುದು ಆ ಅಕ್ಷ ಮಾತ್ರ. ಮಿಕ್ಕ ಅಕ್ಷಗಳ ಅಳತೆ ತಾಳೆಯಾಗಬೇಕು. ನಿನ್ನ ಹಳೆಯ ಕೋಷ್ಟಕದಲ್ಲಿ ಕಡೂರು, ತರೀಕೆರೆ ಎಂದು ಎರಡೇ ಕಾಲಂ. ಹೊಸದರಲ್ಲಿ ಮೂರು.

ಇದೇ ಕೆಲಸಕ್ಕೆ ಎಪಿಎಲ್‌ನಲ್ಲಿ ಒಂದು ಅಲ್ಪವಿರಾಮ ಸಾಕು. ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟ ಸಂಕೇತಗಳಿಂದ ಬೆಳೆದ ಭಾಷೆ ಅದು. ಬರೀ ಅಲ್ಪವಿರಾಮ ಕೊನೆಯ ಅಕ್ಷಕ್ಕೆ, ಅಂದರೆ ಪಕ್ಕಕ್ಕೆ ಸೇರಿಸುತ್ತದೆ. ಅಡ್ಡಗೆರೆಯಿರುವ ಅಲ್ಪವಿರಾಮ ಮೊದಲ ಅಕ್ಷಕ್ಕೆ, ಅಂದರೆ ಕೆಳಕ್ಕೆ. ಕೋಷ್ಟಕದ ಮುಂದೆ ಅಲ್ಪವಿರಾಮ ಹಾಕಿ ಒಂದೇ ಒಂದು ಸೊನ್ನೆ ಬರೆದರೂ ಸಾಕು, ಅದು 10 ಸಾಲಿಗೂ ಹರಡಿ ಪೂರ್ತಿ ಕಾಲಂ ಆಗಿಬಿಡುತ್ತದೆ. ನಮ್‌ಪೈಯ ಕಾನ್‌ಕ್ಯಾಟಿನೇಟ್ ಎಂಬ ಜೋಡಣೆಯ ಆಜ್ಞೆ ಸೊನ್ನೆಯನ್ನು ಹಾಗೆ ಹರಡುವುದಿಲ್ಲ. ಆದರೂ ಸೊನ್ನೆಯ ಕಾಲಂ ಒಂದನ್ನು ನೀನೇ ಮಾಡಿ ಅಂಟಿಸಬಹುದು. ಅಂಟಿಸಬೇಡ.

ಸೊನ್ನೆ ಬರೆದರೆ, ಆ ವರ್ಷಗಳಲ್ಲಿ ಅಜ್ಜಂಪುರದ ಕಡೆ ಯಾರೂ ಒಂದು ಗುಂಟೆ ಈರುಳ್ಳಿಯನ್ನೂ ಹಾಕಲಿಲ್ಲ ಎಂದಂತಾಯಿತು. ನಿಜ ಬೇರೆ. 2011ರ ಜನಗಣತಿಯ ಹೊತ್ತಿಗೂ ಅಜ್ಜಂಪುರ ತರೀಕೆರೆ ತಾಲ್ಲೂಕಿನಲ್ಲೇ ಇತ್ತು. ಪ್ರತ್ಯೇಕ ತಾಲ್ಲೂಕೆಂಬ ಘೋಷಣೆ ಬಂದದ್ದು 2017ರ ರಾಜ್ಯ ಬಜೆಟ್‌ನಲ್ಲಿ. ಹಳೆಯ ವರ್ಷಗಳ ಅಜ್ಜಂಪುರ ತರೀಕೆರೆಯ ಕಾಲಂ ಒಳಗೇ ಇದೆ. ಸೊನ್ನೆ ತುಂಬಿ ಕೂಡಿಸಿದರೆ 15 ಸಾಲು, 3 ಕಾಲಂ ನೀಟಾಗಿ ಬರುತ್ತದೆ, ಎರರ್ ಬರುವುದಿಲ್ಲ. ಗ್ರಾಫ್‌ನಲ್ಲಿ ಮಾತ್ರ ತರೀಕೆರೆಯ ಬಿತ್ತನೆ ಒಂದೇ ವರ್ಷಕ್ಕೆ ಕುಸಿದಿರುತ್ತದೆ. ನೋಡಿದವರು ಬರಗಾಲ ಎಂದುಕೊಂಡಾರು.

ಹಾಗಾಗಿ ಹೊಸ ಕೋಷ್ಟಕದ ತರೀಕೆರೆ, ಅಜ್ಜಂಪುರ ಎರಡನ್ನೂ ಮೊದಲು ಕೂಡಿ ಒಂದೇ ಕಾಲಂಗೆ ತಾ; ಆಮೇಲೆ ಸಾಲಿನ ಅಕ್ಷಕ್ಕೆ ಸೇರಿಸು. ಹೆಕ್ಟೇರನ್ನೋ ಜನಸಂಖ್ಯೆಯನ್ನೋ ಹೀಗೆ ಕೂಡಬಹುದು. ನಾಳೆ ಮಳೆ ಲೆಕ್ಕಕ್ಕೆ ಕೈಹಾಕಿದರೆ ಇದು ನಡೆಯದು. ಅಲ್ಲಿ 50, ಇಲ್ಲಿ 40 ಮಿಲಿಮೀಟರ್ ಬಿದ್ದರೆ 90 ಆಗುವುದಿಲ್ಲ; ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯಬೇಕು. ಹೋಬಳಿವಾರು ಅಂಕಿ ಸಿಕ್ಕರಂತೂ ಹಳೆಯದನ್ನೇ ಇಂದಿನ ಗಡಿಗೆ ತಕ್ಕಂತೆ ಒಡೆದುಕೋ. ಅಂಕಿ ಸಿಗದ ಮನೆಯಲ್ಲಿ 'ಇಲ್ಲ' ಎಂಬ ಗುರುತಿರಲಿ, ಸೊನ್ನೆ ಬೇಡ. ಕಡೂರಿನ ಕಾಲಂ ಎರಡರಲ್ಲೂ ಇದೆಯೆಂದು ಸುಮ್ಮನಾಗಬೇಡ. ಅಲ್ಲಿಯ ಹಳ್ಳಿಗಳೂ ಅತ್ತಿತ್ತ ಆಗಿವೆಯೇ ಎಂದು ಗೆಜೆಟ್ ತೆಗೆದು ನೋಡು.

ಯಂತ್ರ ನೋಡುವುದು ಆಕಾರವನ್ನಷ್ಟೇ. ಹೆಸರು ಅದೇ ಇದ್ದು ಊರುಗಳು ಬದಲಾದದ್ದು ಅದಕ್ಕೆ ತಿಳಿಯದು. ಕೂಡಿಸುವ ಮುಂಚೆ, ಯಾವ ಕಾಲಂನಲ್ಲಿ ಯಾವ ವರ್ಷ ಯಾವ ಹೋಬಳಿಗಳಿದ್ದವು ಎಂದು ಫೈಲ್‌ನ ತಲೆಯಲ್ಲೇ ಬರೆದಿಡು. ನಿನ್ನ ಜಾಗಕ್ಕೆ ನಾಳೆ ಬರುವವರು ಮೊದಲು ಕೇಳುವುದು ಅದನ್ನೇ.

ಇಂತಿ,
ನಿನ್ನ ದೊಡ್ಡಪ್ಪ