ಮುಂದಿನ ಸ್ವಿಚ್ಚಿಗೆ ಕಾಯುತ್ತಿರುವ ಅಳಿಯನಿಗೆ

ಪುಟ್ಟಾ, ನಿಂಟೆಂಡೋದ ಗೇಮ್ ಯಂತ್ರ ಇದೆಯಲ್ಲ, ಮುಂದೆ ಬರೋ ಆ ಸ್ವಿಚ್ಚಿನಲ್ಲಿ ಏನೇನಿರಬೇಕು ಅಂತ ನೀನು ಮೊಬೈಲಿನಲ್ಲಿ ಬರೆದಿಟ್ಟುಕೊಂಡ ಪಟ್ಟಿಯನ್ನು ಪೂರ್ತಿ ಓದಿದೆ. ಪರದೆ ಓಎಲ್‌ಇಡಿ ಆಗಬೇಕು, ಚಿಪ್ಪು ಇನ್ನೂ ಚುರುಕಾಗಬೇಕು, ಕೈಯಲ್ಲಿ ಹಿಡಿದಾಗಲೂ ಟಿವಿಯಷ್ಟೇ ಚೊಕ್ಕಟವಾಗಿ ಕಾಣಬೇಕು. ಸ್ವಿಚ್ 2 ಬಂದದ್ದೇ 2025ರ ಜೂನ್ 5ಕ್ಕೆ, ನೀನು ಆಗಲೇ ಅದರ ಮುಂದಿನದಕ್ಕೆ ಕಣ್ಣಿಟ್ಟಿದ್ದೀಯ. ಆಸೆಪಡೋದು ತಪ್ಪಲ್ಲ ಕಣಪ್ಪ. ಆದರೆ ಮಲ್ಲಿಪಟ್ಟಣದಲ್ಲಿ ಟೇಪ್‌ರೆಕಾರ್ಡರಿನ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವನು ನಾನು. ನನ್ನ ಅಂಗಡಿಗೆ ಹೊಸ ಸಾಮಾನು ಬರುವುದಿಲ್ಲ, ಕೆಟ್ಟದ್ದು ಬರುತ್ತದೆ. ಹಾಗಾಗಿ ಯಾವ ಯಂತ್ರ ಕಂಡರೂ ಐದು ವರ್ಷ ಬಿಟ್ಟು ಇದು ಹೇಗಿರುತ್ತದೆ ಅನ್ನೋದೇ ನನಗೆ ಮೊದಲು ಹೊಳೆಯುವುದು. ನಿನ್ನ ಪಟ್ಟಿಯಲ್ಲಿ ಬಾಳಿಕೆಯ ಮಾತು ಒಂದೂ ಇರಲಿಲ್ಲ. ಮೊದಲ ಸಂಬಳದ ದುಡ್ಡು ಹಾಕೋದಕ್ಕೆ ಮುಂಚೆ ನಿನ್ನ ಮಾವನ ಮಾತನ್ನೂ ಒಂದಿಷ್ಟು ಕೇಳು.

ಮೊದಲಿಗೆ, ಈ ಕಂಪನಿ ಗೆದ್ದದ್ದು ಯಾವುದರಿಂದ ಅಂತ ತಿಳಿದುಕೋ. ಗುನ್ಪೇ ಯೊಕೊಯಿ ಅಂತ ಒಬ್ಬರು ನಿಂಟೆಂಡೋದಲ್ಲಿ ಇಂಜಿನಿಯರ್ ಆಗಿದ್ದರು. ಹೊಚ್ಚಹೊಸ ಚಿಪ್ಪಿನ ಹಿಂದೆ ಓಡೋದು ಬೇಡ, ಹಳತಾಗಿ ಅಗ್ಗವಾದ, ಚೆನ್ನಾಗಿ ಪಳಗಿದ ಭಾಗಗಳನ್ನೇ ತೆಗೆದುಕೊಂಡು ಅದರಲ್ಲಿ ಯಾರೂ ನೆನೆಸದ ಆಟ ಹುಟ್ಟಿಸೋಣ ಅನ್ನೋದು ಅವರ ಪಟ್ಟು. 1989ರಲ್ಲಿ ಅವರ ಗೇಮ್‌ಬಾಯ್ ಬಂದಾಗ ಅದರ ಪರದೆಗೆ ಬಣ್ಣವೇ ಇರಲಿಲ್ಲ. ಮಾರನೇ ವರ್ಷ ಸೇಗಾದವರು ಬಣ್ಣದ ಪರದೆಯ ಗೇಮ್‌ಗೇರ್ ತಂದರು. ನೋಡೋಕೆ ಅದೇ ಚೆಂದ. ಆದರೆ ಅದು ಆರು ಪೆನ್ಸಿಲ್ ಸೆಲ್ಲನ್ನು ಕೆಲವೇ ಗಂಟೆಯಲ್ಲಿ ಬರಿದು ಮಾಡುತ್ತಿತ್ತು, ಗೇಮ್‌ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಗೆದ್ದದ್ದು ಗೇಮ್‌ಬಾಯ್. ನಮ್ಮ ಕಡೆಗೆ ಆ ಗೇಮ್‌ಬಾಯ್ ಬರಲಿಲ್ಲ. ಅದರ ಬದಲು ರಾಮನಾಥಪುರದ ಜಾತ್ರೆಯ ಅಂಗಡಿಗಳಲ್ಲಿ ಎರಡು ಸೆಲ್ಲಿನ ಬ್ರಿಕ್ ಗೇಮ್ ಬಂತು. ನಿಮ್ಮಮ್ಮ ಹೈಸ್ಕೂಲಿನಲ್ಲಿದ್ದಾಗ ಒಂದನ್ನು ಕೊಡಿಸಿದ್ದೆ. ಸೆಲ್ಲಿನ ತಗಡು ಕಿಲುಬು ಹಿಡಿದರೆ ಬ್ಲೇಡಿನಲ್ಲಿ ಕೆರೆದು ಹಾಕಿದರಾಯಿತು, ಮತ್ತೆ ಆಡುತ್ತಿತ್ತು.

2017ರ ಮಾರ್ಚ್ 3ಕ್ಕೆ ಬಂದ ಮೊದಲ ಸ್ವಿಚ್ಚೂ ಇದೇ ದಾರಿಯದು. ಅದರೊಳಗಿನ ಟೆಗ್ರಾ ಚಿಪ್ಪು ಆ ಹೊತ್ತಿಗೇ ಎರಡು ವರ್ಷ ಹಳೆಯದು. ಒಳಗಿನ ಜಾಗ ಬರೀ 32 ಜಿಬಿ, ಪರದೆ 6.2 ಇಂಚು. ಆದರೂ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಟಿವಿಗೆ ಜೋಡಿಸಿದ ಡಾಕಿನಲ್ಲಿ ಇಟ್ಟರೆ ಟಿವಿಯಲ್ಲಿ ಆಟ, ಎತ್ತಿಕೊಂಡರೆ ಕೈಯಲ್ಲಿ ಆಟ, ನಡುವೆ ಆಟ ಕಡಿದುಹೋಗುವುದಿಲ್ಲ. ಜನ ದುಡ್ಡು ಕೊಟ್ಟದ್ದು ಅದಕ್ಕೆ.

ಈ ಗುಣ ಬೆಂಗಳೂರಿನ ಅಪಾರ್ಟ್‌ಮೆಂಟಿಗಿಂತ ನಮ್ಮೂರಿಗೇ ಹೆಚ್ಚು ಹೊಂದುತ್ತದೆ. ಮುಂಗಾರು ಹಿಡಿದರೆ ಇಲ್ಲಿ ಕರೆಂಟಿನ ಪಾಡು ನಿನಗೆ ಗೊತ್ತಲ್ಲ. ಎಲ್ಲೋ ಒಂದು ಕೊಂಬೆ ಲೈನಿನ ಮೇಲೆ ಬಿತ್ತು ಅಂದರೆ ಚೆಸ್ಕಾಂನವರು ಮಳೆಯಲ್ಲೇ ಹುಡುಕಿಕೊಂಡು ಹೋಗಿ ಕಡಿದು ಸರಿಮಾಡಬೇಕು, ಅಲ್ಲಿಯವರೆಗೆ ಕತ್ತಲೆ. ಟಿವಿಗೆ ಅಂಟಿಕೊಂಡ ದೊಡ್ಡ ಕನ್ಸೋಲ್ ಆದರೆ ಆಡುತ್ತಿದ್ದ ಆಟ ಅಲ್ಲಿಗೇ ಹೋಯಿತು. ಇದು ಹಾಗಲ್ಲ, ಕೈಗೆತ್ತಿಕೊಂಡರೆ ಮುಂದುವರಿಯುತ್ತದೆ. ಆದ್ದರಿಂದ ಮುಂದಿನದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬರಲಿ ಅನ್ನೋದನ್ನು ನಿನ್ನ ಪಟ್ಟಿಯ ತಲೆಯ ಮೇಲೇ ಬರೆ. ಈಗಿನ ಸ್ವಿಚ್ 2ರಲ್ಲಿ 5220 ಎಂಎಎಚ್ ಬ್ಯಾಟರಿ ಇದೆ. ಕಂಪನಿಯವರೇ ಹೇಳೋ ಲೆಕ್ಕ ಎರಡರಿಂದ ಆರೂವರೆ ಗಂಟೆ. 2019ರಲ್ಲಿ ಸುಧಾರಿಸಿ ತಂದ ಹಳೇ ಸ್ವಿಚ್ಚು ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತಿತ್ತು. ಪರದೆ 7.9 ಇಂಚಾಯಿತು, ಸೆಕೆಂಡಿಗೆ 120 ಚಿತ್ರದವರೆಗೆ ತೋರಿಸುತ್ತದೆ. ಅವೆಲ್ಲಕ್ಕೂ ಬೆಲೆ ತೆತ್ತದ್ದು ಬ್ಯಾಟರಿಯೇ. ಚಿಪ್ಪಿನ ಶಕ್ತಿ ಇನ್ನೂ ಏರಲಿ ಅಂತ ನೀನು ಕೇಳಿದಷ್ಟೂ ಆ ಗಂಟೆಗಳು ಇಳಿಯುತ್ತವೆ, ಅದನ್ನು ತಿಳಿದು ಕೇಳು.

ಇನ್ನು ನನ್ನ ಮೇಜಿನ ವಿಷಯ. ಹಳೇ ಸ್ವಿಚ್ಚಿನ ಜಾಯ್‌ಕಾನ್ ಅನ್ನೋ ಬಿಡಿಸುವ ಕಂಟ್ರೋಲರ್ ಒಂದನ್ನು ಹೋದ ವರ್ಷ ಒಬ್ಬ ಹುಡುಗ ತಂದಿದ್ದ. ಸ್ಟಿಕ್ ಮುಟ್ಟದಿದ್ದರೂ ಆಟದೊಳಗಿನ ಗೊಂಬೆ ತಾನಾಗಿ ಎಡಕ್ಕೆ ನಡೆದುಕೊಂಡು ಹೋಗುತ್ತಿತ್ತು. ಹಿಂಬದಿಯಲ್ಲಿ ನಾಲ್ಕು ಸ್ಕ್ರೂ, ಮೂರು ಕವಲಿನ ತಲೆಯವು, ನಮ್ಮ ಮಾಮೂಲು ಸ್ಟಾರ್ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಅವನ್ನು ಬಿಚ್ಚಿ, ಮುಚ್ಚಳವನ್ನು ಪುಸ್ತಕದ ಹಾಗೆ ನಿಧಾನವಾಗಿ ತೆರೆಯಬೇಕು. ಸರಕ್ಕನೆ ಎಳೆದರೆ ಒಳಗಿನ ತೆಳು ರಿಬ್ಬನ್ ಹರಿದುಹೋಗುತ್ತದೆ. ಬ್ಯಾಟರಿ ತೆಗೆದು, ಅದರ ಕೆಳಗಿನ ತಟ್ಟೆ ಬಿಚ್ಚಿ, ಸ್ಟಿಕ್ಕನ್ನು ಹಿಡಿದ ಎರಡು ಸಣ್ಣ ಸ್ಕ್ರೂ ತೆಗೆದರೆ ಅದು ಕೈಗೆ ಬರುತ್ತದೆ. ಅದನ್ನೂ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಕಾರ್ಬನ್ ಬಳಿದ ಪುಟ್ಟ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಲೋಹದ ನಾಲಗೆ. ಉಜ್ಜಿ ಉಜ್ಜಿ ಕಾರ್ಬನ್ ಸವೆದು, ಸುತ್ತ ಕಪ್ಪು ಪುಡಿ ಕೂತಿತ್ತು. ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ರೋಗ ಇದು, ಒಳಗಿನ ಭಾಗವೂ ಅದೇ ಜಾತಿಯದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸ್ವಲ್ಪ ದಿನ ಸುಮ್ಮನಿರುತ್ತದೆ, ಮತ್ತೆ ಶುರು.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಉಜ್ಜಾಟವೇ ಇಲ್ಲದೆ ಅಯಸ್ಕಾಂತದಿಂದ ಅಳೆಯುವ ಸ್ಟಿಕ್ಕಿದೆ, ಹಾಲ್ ಸೆನ್ಸರ್ ಅಂತಾರೆ. ಆ ಹುಡುಗನ ಜಾಯ್‌ಕಾನಿಗೆ ಕೊನೆಗೆ ಅದನ್ನೇ ತರಿಸಿ ಹಾಕಿದೆ, ಇವತ್ತಿಗೂ ಗಟ್ಟಿಯಾಗಿದೆ. ಬೇರೆ ಕಂಪನಿಯವರು ಮಾಡುವ ಸಾಮಾನ್ಯ ಬೆಲೆಯ ಕಂಟ್ರೋಲರಿನಲ್ಲೂ ಅದು ಬರುತ್ತಿದೆ. ಎಂಟು ವರ್ಷ ಈ ದೂರು ಕೇಳಿದ ಮೇಲೂ ಸ್ವಿಚ್ 2ರ ಸ್ಟಿಕ್ಕಿಗೆ ನಿಂಟೆಂಡೋ ಹಾಲ್ ಸೆನ್ಸರ್ ಹಾಕಲಿಲ್ಲ. ಜಾಯ್‌ಕಾನನ್ನು ಯಂತ್ರಕ್ಕೆ ಅಂಟಿಸೋದಕ್ಕೆ ಅಯಸ್ಕಾಂತ ಬಳಸಿದರು, ಸ್ಟಿಕ್ಕಿನೊಳಗೆ ಬಳಸಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ವಿಷಯ. ಯಂತ್ರ ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್‌ನವರು ಸ್ವಿಚ್ 2ಕ್ಕೆ ರಿಪೇರಿಯ ಅನುಕೂಲದಲ್ಲಿ ಹತ್ತಕ್ಕೆ ಮೂರೇ ಅಂಕ ಕೊಟ್ಟರು. ಬ್ಯಾಟರಿಯನ್ನು ಗೋಂದು ಹಾಕಿ ಬಿಗಿಯಾಗಿ ಕೂರಿಸಿದ್ದಾರೆ. ಯಾವ ಲಿಥಿಯಂ ಬ್ಯಾಟರಿಯೂ ಕೆಲವು ವರ್ಷಕ್ಕೆ ಸೋಲುವುದೇ. ಸೋತದ್ದನ್ನು ತೆಗೆಯೋಕೆ ಹೋಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತಬಹುದು. ಮೊಬೈಲುಗಳಲ್ಲಿ ನಾನು ಈ ಕೆಲಸ ಮಾಡುವಾಗಲೆಲ್ಲ ಪಕ್ಕದಲ್ಲಿ ಮರಳಿನ ಬಾಂಡ್ಲಿ ಇಟ್ಟುಕೊಂಡೇ ಕೂರುವುದು.

ಆದರೆ ಮುಂದಿನದರ ಬಗ್ಗೆ ನನಗೆ ನಂಬಿಕೆ ಇರೋದೂ ಇದೇ ವಿಷಯದಲ್ಲಿ. ಯುರೋಪಿನವರು ಒಂದು ಕಾನೂನು ಮಾಡಿದ್ದಾರೆ. ಇಂಥ ಸಾಮಾನುಗಳ ಬ್ಯಾಟರಿಯನ್ನು ಕೊಂಡವರೇ ತೆಗೆದು ಬದಲಾಯಿಸುವ ಹಾಗಿರಬೇಕು ಅನ್ನೋ ನಿಯಮ 2027ರ ಫೆಬ್ರವರಿ 18ರಿಂದ ಅಲ್ಲಿ ಜಾರಿಗೆ ಬರುತ್ತದೆ. ಯುರೋಪಿಗೆ ಒಂದು, ಬೇರೆಯವರಿಗೆ ಇನ್ನೊಂದು ಅಂತ ಕಾರ್ಖಾನೆಯಲ್ಲಿ ಅಚ್ಚು ಮಾಡೋದು ಕಂಪನಿಗೇ ದುಬಾರಿ. ಅಲ್ಲಿಗೆ ಮಾಡಿದ್ದು ನಮ್ಮ ಕೈಗೂ ಬರಲಿ ಅನ್ನೋದು ನನ್ನ ಆಸೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ವಾಲ್ವ್ ಕಂಪನಿಯವರು ಕೈಯಲ್ಲಿ ಹಿಡಿದು ಆಡುವ ತಮ್ಮ ಸ್ಟೀಮ್ ಡೆಕ್ಕಿನ ಬಿಡಿಭಾಗಗಳನ್ನು 2022ರಿಂದಲೇ ಐಫಿಕ್ಸಿಟ್ ಮೂಲಕ ಮಾರುತ್ತಿದ್ದಾರೆ, ಬಿಚ್ಚುವ ಕ್ರಮವೂ ಜೊತೆಗಿದೆ. ಅವರಿಗೆ ಆಗುವುದು ನಿಂಟೆಂಡೋದವರಿಗೆ ಆಗದೇ ಏನು? ಬಿಡಿಭಾಗ, ನಕ್ಷೆ, ಮಾಮೂಲು ಸ್ಕ್ರೂ, ಇಷ್ಟು ಕೊಟ್ಟರೆ ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಒಬ್ಬ ಮೆಕ್ಯಾನಿಕ್ ಸಾಕು, ಯಂತ್ರ ಹತ್ತು ವರ್ಷ ಬಾಳುತ್ತದೆ.

ಕ್ಯಾಸೆಟ್ಟಿನ ವಿಷಯ ಕೇಳು. ಟಿವಿ ವಿಡಿಯೊ ಗೇಮ್ ಕಾಲದವರಾದ ನಾವೆಲ್ಲ ಆಟದ ಕಾರ್ಡನ್ನು ಹಾಗೇ ಕರೆಯೋದು. ಒಬ್ಬರ ಮನೆಯ ಕಾಂಟ್ರಾ ಆಟದ ಕ್ಯಾಸೆಟ್ಟು ಇಡೀ ಬೀದಿಯನ್ನು ಸುತ್ತಿ ಬರುತ್ತಿತ್ತು. ಈಗ ಸ್ವಿಚ್ 2ಕ್ಕೆ ಗೇಮ್-ಕೀ ಕಾರ್ಡ್ ಅಂತ ಬಂದಿದೆ. ಅದರೊಳಗೆ ಆಟವೇ ಇಲ್ಲ, ಬರೀ ಕೀಲಿ ಇದೆ. ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ನಮ್ಮನೆಯಲ್ಲಿ ಇರೋದು ದಿನಕ್ಕೆ ಎರಡು ಜಿಬಿ ಮೊಬೈಲ್ ಡೇಟಾ, ಅದೂ ಜಗಲಿಯ ಮೂಲೆಯಲ್ಲಿ ನಿಂತರೆ ಸಿಗ್ನಲ್. 60 ಜಿಬಿಯ ಒಂದು ಆಟ ಇಳಿಸಲು ಪೂರಾ ಒಂದು ತಿಂಗಳು ಹಿಡಿಯುತ್ತದೆ, ಅಷ್ಟು ದಿನ ನಿಮ್ಮತ್ತೆ ಫೋನಿನಲ್ಲಿ ಏನೂ ನೋಡದಿದ್ದರೆ ಮಾತ್ರ. ಮುಂದೊಂದು ದಿನ ಕಂಪನಿಯವರು ಸರ್ವರ್ ಮುಚ್ಚಿದರೆ ಕೈಯಲ್ಲಿ ಉಳಿಯೋದು ಪ್ಲಾಸ್ಟಿಕ್ ಚೂರು. ಹಾಗಂತ ಇದು ತಪ್ಪಿಸಲಾಗದ ಕಷ್ಟವೇನಲ್ಲ. ಸೈಬರ್‌ಪಂಕ್ 2077ರಂಥ ಭಾರಿ ಆಟವನ್ನು ಅದನ್ನು ಮಾಡಿದ ಪೋಲೆಂಡಿನವರು 64 ಜಿಬಿ ಕಾರ್ಡಿನಲ್ಲಿ ಪೂರ್ತಿ ತುಂಬಿಸಿ ಕೊಟ್ಟಿದ್ದಾರೆ. ದೊಡ್ಡ ಕಾರ್ಡಿನ ಖರ್ಚು ಉಳಿಸಲು ಬೇರೆಯವರು ಕೀಲಿ ಹಿಡಿಸುತ್ತಾರೆ. ನೀನು ಕೊಳ್ಳುವಾಗ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿ ಕೊಳ್ಳು. ಹಳೇ ಸ್ವಿಚ್ಚಿನ ಬಹುಪಾಲು ಆಟಗಳು ಸ್ವಿಚ್ 2ರಲ್ಲೂ ಓಡುತ್ತವೆ, ಆ ಒಂದು ಕೆಲಸವನ್ನು ಅವರು ಚೆನ್ನಾಗಿ ಮಾಡಿದ್ದಾರೆ. ಮುಂದಿನದರಲ್ಲೂ ಅದು ಉಳಿಯಲೇಬೇಕು. ನೀನು ಇವತ್ತು ಕೊಂಡ ಕಾರ್ಡು ನಿನ್ನ ತಮ್ಮ ಡಿಗ್ರಿ ಮುಗಿಸುವ ಹೊತ್ತಿಗೂ ಆಡುವಂತಿರಬೇಕು.

ಜೊತೆಯಲ್ಲಿ ಕೂತು ಆಡೋದು ಇದರ ಇನ್ನೊಂದು ಒಳ್ಳೇ ಗುಣ. ಎರಡು ಜಾಯ್‌ಕಾನ್ ಬಿಡಿಸಿ ಅಣ್ಣನಿಗೊಂದು ತಮ್ಮನಿಗೊಂದು ಕೊಟ್ಟರೆ ಬೇರೆ ಕಂಟ್ರೋಲರಿನ ಖರ್ಚಿಲ್ಲದೆ ಎಷ್ಟೋ ಆಟ ಆಡಬಹುದು. ಸ್ವಿಚ್ 2ರಲ್ಲಿ ಗೇಮ್‌ಶೇರ್ ಅಂತ ಇದೆ, ಒಬ್ಬರು ಕೊಂಡ ಆಟವನ್ನು ಪಕ್ಕದಲ್ಲಿರುವ ಇನ್ನೊಂದು ಸ್ವಿಚ್ಚಿಗೂ ಹಂಚಿ ಆಡಬಹುದು. ಆದರೆ ಕೆಲವೇ ಆಟಗಳಿಗೆ. ಎಲ್ಲಕ್ಕೂ ಬರಲಿ.

ಒಂದು ಮಾತನ್ನು ನೀನು ಗಮನಿಸಿರಲಿಕ್ಕಿಲ್ಲ. ಸ್ವಿಚ್ಚಿನ ಸೆಟ್ಟಿಂಗಿನಲ್ಲಿ ಭಾಷೆಯ ಪಟ್ಟಿ ತೆರೆದು ನೋಡಿದಾಗ ಜಪಾನಿ, ಕೊರಿಯನ್, ರಷ್ಯನ್, ಡಚ್ ಎಲ್ಲ ಇದ್ದವು. ನಮ್ಮ ದೇಶದ ಭಾಷೆ ಒಂದೂ ಇರಲಿಲ್ಲ. ಆದರೆ ಆಟದ ವಿಷಯದಲ್ಲಿ ನಾವೇನು ಕಡಿಮೆಯವರಲ್ಲ. ನಿಂಟೆಂಡೋ ಶುರುವಾದದ್ದು 1889ರಲ್ಲಿ, ಕ್ಯೋಟೋ ಊರಿನಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆ ಮಾಡುವ ಅಂಗಡಿಯಾಗಿ. ಅದಕ್ಕೂ ಮುಂಚೆಯೇ, 1868ರಲ್ಲಿ ತೀರಿಕೊಂಡ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಗಂಜೀಫಾ ಎಲೆಯ ಹೊಸ ಹೊಸ ಆಟಗಳನ್ನೂ ಮಣೆಯ ಆಟಗಳನ್ನೂ ತಾವೇ ಕಟ್ಟಿದ್ದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಅನ್ನೋ ಭಾಗದಲ್ಲಿ ಅವುಗಳ ವಿವರವಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೇ ಮಣೆಯಾಟಗಳನ್ನು ಹೊಸದಾಗಿ ಮಾಡಿಸಿ ಕ್ರೀಡಾ ಕೌಶಲ್ಯ ಪ್ರದರ್ಶನ ಇಡುತ್ತಾರೆ, ಬಿಡುವಾದಾಗ ಹೋಗಿ ನೋಡು. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆ್ಯಕ್ಟಿವ್ ಶುರುವಾಗಿತ್ತು. ವಿದೇಶದ ದೊಡ್ಡ ಆಟಗಳಿಗೆ ಚಿತ್ರ ಮಾಡಿಕೊಡುತ್ತಿದ್ದ ಆ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಕೈಚಳಕ ನಮ್ಮವರದು, ಕಥೆ ಅವರದು. ಪುಣೆಯ ನಾಡಿಂಗ್ ಹೆಡ್ಸ್‌ನ ಹುಡುಗರು ಮಾತ್ರ ನಮ್ಮ ಪುರಾಣದ ಮೇಲೆ ರಾಜಿ ಅನ್ನೋ ಆಟ ಮಾಡಿ 2020ರಲ್ಲಿ ಸ್ವಿಚ್ಚಿಗೇ ಮೊದಲು ತಂದರು. ಟೊರಾಂಟೊದಲ್ಲಿ ಮಾಡಿದ ವೆಂಬಾ ಅನ್ನೋ ಆಟ ಒಂದು ತಮಿಳು ಮನೆಯ ಅಡುಗೆಯ ಸುತ್ತ ನಡೆಯುತ್ತದೆ, 2023ರಲ್ಲಿ ಅದೂ ಸ್ವಿಚ್ಚಿಗೆ ಬಂತು. ನಮ್ಮಜ್ಜಿ ಅಳಗುಳಿಮಣೆ ಆಡುವಾಗ ಹುಣಸೆಬೀಜ ಎಣಿಸದೇ ಕೊನೆಯ ಗುಳಿ ಯಾವುದು ಅಂತ ಹೇಳುತ್ತಿದ್ದರು. ಅದನ್ನು ಆ ಪರದೆಯ ಮೇಲೆ ಕನ್ನಡದಲ್ಲಿ ನೋಡಬೇಕು ಅಂತ ನನಗಿದೆ. ನೀನು ಕಂಪ್ಯೂಟರ್ ಸೈನ್ಸ್ ಓದಿದವನು. ಕೊಂಡ ಆಟ ಆಡಿ ಮುಗಿದ ಮೇಲೆ ಒಂದು ಸಣ್ಣ ಆಟ ಕಟ್ಟೋಕೆ ಕೂರು, ಬೇಕಾದರೆ ರಜೆಯಲ್ಲಿ ಇಲ್ಲಿಗೇ ಬಂದು ಕೂರು.

ಈಗ ದುಡ್ಡಿನ ಮಾತು. ಅಮೆರಿಕದಲ್ಲಿ ಸ್ವಿಚ್ 2 ಬಿಡುಗಡೆಯಾದ ಬೆಲೆ 450 ಡಾಲರ್, ಅಂದರೆ ತೆರಿಗೆ ಸಾಗಣೆ ಸೇರದೆಯೇ 38 ಸಾವಿರಕ್ಕೆ ಮೇಲೆ. ಮಾರಿಯೋ ಕಾರ್ಟ್ ವರ್ಲ್ಡ್ ಒಂದಕ್ಕೇ 80 ಡಾಲರ್. ನಮ್ಮಲ್ಲಿಗೆ ಸ್ವಿಚ್ಚು ಬಹುಮಟ್ಟಿಗೆ ಆಮದು ವರ್ತಕರ ಕೈಯಿಂದ ಬಂದದ್ದು. ಕೆಟ್ಟರೆ ಹೊಣೆ ಯಾರು ಅನ್ನೋದನ್ನು ದುಡ್ಡು ಕೊಡುವ ಮುಂಚೆಯೇ ಕೇಳಿಕೋ, ಬಾಯಿಮಾತು ಬೇಡ, ಬಿಲ್ಲಿನ ಮೇಲೆ ಬರೆಸಿಕೋ. ಹಳೇ ಮೈಕ್ರೊ ಎಸ್‌ಡಿ ಕಾರ್ಡಿಗೆ ಸ್ವಿಚ್ 2ರ ಆಟ ಹಾಕಲಾಗದು, ಎಕ್ಸ್‌ಪ್ರೆಸ್ ಅನ್ನೋ ಜಾತಿಯದೇ ಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿ. ಸಾಲ ಮಾಡಿ, ಕಂತಿನಲ್ಲಿ ಮಾತ್ರ ಬೇಡ ಮಗಾ. ಯಾವ ಯಂತ್ರವೇ ಆಗಲಿ, ಬಂದ ಮೊದಲ ವರ್ಷ ಕೊಳ್ಳಬೇಡ. ಮೊದಲ ಸ್ವಿಚ್ಚಿನಲ್ಲೂ ಒಳ್ಳೇ ಬ್ಯಾಟರಿ ಬಂದದ್ದು ಎರಡು ವರ್ಷ ಕಳೆದ ಮೇಲೆ, ಓಎಲ್‌ಇಡಿ ಪರದೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಕಾದವರಿಗೆ ಅದೇ ಯಂತ್ರದ ಗಟ್ಟಿ ರೂಪ ಸಿಕ್ಕಿತು.

ಅಷ್ಟು ದಿನ ಕೈ ಕಟ್ಟಿ ಕೂರಬೇಕಾಗಿಲ್ಲ. ಯಾರಾದರೂ ಹೊಸದು ಕೊಂಡು ಹಳೇ ಸ್ವಿಚ್ಚು ಮಾರುತ್ತಿದ್ದರೆ ನೋಡು, 2019ರಲ್ಲಿ ಸುಧಾರಿಸಿ ತಂದ ಮಾದರಿಯಾದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಕೊಳ್ಳುವ ಮುಂಚೆ ಸೆಟ್ಟಿಂಗಿನಲ್ಲಿ ಸ್ಟಿಕ್ ಪರೀಕ್ಷೆ ತೆರೆದು, ಕೈ ಬಿಟ್ಟಾಗ ಗುರುತು ನಡುವೆ ನಿಲ್ಲುತ್ತದಾ ಅಂತ ನೋಡಿಕೋ. ನಿಲ್ಲದಿದ್ದರೂ ಬಿಡಬೇಡ, ಬೆಲೆ ಇಳಿಸಿ ಕೇಳು. ಹಾಲ್ ಸೆನ್ಸರ್ ಸ್ಟಿಕ್ ಒಂದು ಜೊತೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಹಬ್ಬಕ್ಕೆ ಬರುವಾಗ ಜೊತೆಗೇ ತಾ, ನಾನು ಹಾಕಿಕೊಡುತ್ತೇನೆ. ಮೂರು ಕವಲಿನ ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ, ಅದಕ್ಕೆ ದುಡ್ಡು ಹಾಕಬೇಡ.