ತಳ್ಳುಗಾಡಿಗೆ ಹೊಸ ಚಕ್ರ, ಹೊಸ ಟಯರ್: ಕೊಳ್ಳುವ ಮುಂಚೆ ತಿಳಿಯಬೇಕಾದದ್ದು



ಈ ಸಲದ ಪಾಠ ತಳ್ಳುಗಾಡಿಯ ಚಕ್ರದ ಬಗ್ಗೆ. "ಏನ್ ಸಿಸ್ಟರ್, ಉಳಿತಾಯ, ಆರೋಗ್ಯ, ಮಕ್ಕಳ ಓದು ಎಲ್ಲಾ ಬಿಟ್ಟು ಟಯರ್‌ಗೆ ಬಂದ್ರಾ?" ಅಂತ ನೀವು ನಗಬಹುದು. ಆದರೆ ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ ಕಡೆಯ ನಮ್ಮ ಸಂಘಗಳಲ್ಲಿ ತರಕಾರಿ, ಹೂವು, ಇಡ್ಲಿ, ಇಸ್ತ್ರಿ ಅಂತ ಗಾಡಿಯನ್ನೇ ನಂಬಿ ಮನೆ ನಡೆಸುವವರು ಎಷ್ಟು ಜನ ಇದ್ದೀರಿ ಅಂತ ನಿಮಗೇ ಗೊತ್ತು. ಆ ಗಾಡಿ ನಿಂತರೆ ಒಲೆಯೂ ನಿಲ್ಲುತ್ತದೆ.

ನಮ್ಮ ತರಕಾರಿ ಮಾರುವ ಸದಸ್ಯೆಯೊಬ್ಬರಿಗೆ ಆದದ್ದನ್ನು ಮೊದಲು ಹೇಳುತ್ತೇವೆ. ಬೆಳಿಗ್ಗೆ ಗಾಡಿ ತುಂಬಾ ಮಾಲು ಹಾಕಿಕೊಂಡು ಮಾಗಡಿ ರಸ್ತೆಯಲ್ಲಿ ಬರುತ್ತಿದ್ದಾಗ ಹಂಪ್ ಇಳಿಯುವ ಹೊತ್ತಿಗೆ ಹಿಂದಿನ ಎಡಗಡೆ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತು. ಟೊಮೇಟೊ ಎಲ್ಲಾ ಬಸ್ಸಿನ ಚಕ್ರದ ಕೆಳಗೆ. ಆಕೆಗೆ ಪೆಟ್ಟಾಗಲಿಲ್ಲ, ಅದು ದೇವರ ದಯೆ. ಸಂಘದ ಸಭೆಗೆ ಇನ್ನೂ ಐದು ದಿನ ಇತ್ತು. ಅಲ್ಲೀವರೆಗೆ ಕಾಯೋಕೆ ಆಗದೆ ಮೀಟರ್ ಬಡ್ಡಿಗೆ ಸಾಲ ತಂದು, ಸಿಕ್ಕ ಅಂಗಡಿಯಲ್ಲಿ ಸಿಕ್ಕ ಚಕ್ರ ಹಾಕಿಸಿಕೊಂಡರು. ಮೂರು ತಿಂಗಳಿಗೆ ಅದೂ ಮಡಚಿಕೊಂಡಿತು. ಬಡ್ಡಿ ಮಾತ್ರ ನೇರವಾಗಿ ನಡೀತಾ ಇತ್ತು. ಅವರು ಸಾಲ ತೀರಿಸಿದ ಮೇಲೇ ನಮಗೆ ವಿಷಯ ತಿಳಿದದ್ದು. ನಾಲ್ಕು ವರ್ಷದಿಂದ ಆ ಸಂಘದ ಸಭೆಗೆ ಹೋಗುತ್ತಿದ್ದ ನಾವು ಒಂದು ದಿನವೂ ಆ ಗಾಡಿಯ ಚಕ್ರ ಬಗ್ಗಿ ನೋಡಿರಲಿಲ್ಲ.

ಚಕ್ರ ಯಾಕೆ ಮಡಚಿತು?

ಭಾರ ಹೆಚ್ಚಾಯಿತು ಅಂತ ಎಲ್ಲರೂ ಹೇಳಿದರು. ಅದು ಅರ್ಧ ಸತ್ಯ. ನಮ್ಮ ಊರಿನ ಗಾಡಿಗಳಿಗೆ ಸಾಮಾನ್ಯವಾಗಿ ಹಾಕುವುದು ಸೈಕಲ್ ಮಾದರಿಯ ಕಡ್ಡಿ ಚಕ್ರ. ಕಡ್ಡಿ ಚಕ್ರ ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ಬರುವ ಒತ್ತಡವನ್ನು ತಡೆಯಲಾರದು. ಸೈಕಲ್ ತಿರುಗುವಾಗ ಪಕ್ಕಕ್ಕೆ ವಾಲುತ್ತದೆ, ಹಾಗಾಗಿ ಅದರ ಚಕ್ರಕ್ಕೆ ಪಕ್ಕದ ಪೆಟ್ಟು ಕಡಿಮೆ. ನಾಲ್ಕು ಚಕ್ರದ ಗಾಡಿ ವಾಲುವುದಿಲ್ಲ. ಮಾಲು ತುಂಬಿದ ಗಾಡಿಯನ್ನು ಎಳೆದು ತಿರುಗಿಸಿದಾಗಲೆಲ್ಲಾ ಚಕ್ರಗಳು ನೆಲದ ಮೇಲೆ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ. ಪ್ರತಿ ಸಲವೂ ಕಡ್ಡಿ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಒಂದು ದಿನ ಹಂಪ್ ಸಿಗುತ್ತದೆ, ಅಷ್ಟೇ. ಗಾಡಿ ತಿರುಗಿಸುವಾಗ ಹಿಡಿಯನ್ನು ಕೆಳಕ್ಕೆ ಒತ್ತಿ, ಮುಂದಿನ ಚಕ್ರಗಳು ನೆಲ ಬಿಡುವ ಹಾಗೆ ಮಾಡಿ ತಿರುಗಿಸಿ. ಹಳೆಯ ತರಕಾರಿ ಅಜ್ಜಂದಿರು ಹಾಗೇ ಮಾಡುತ್ತಾರೆ, ನೀವೂ ನೋಡಿರುತ್ತೀರಿ.

ಇನ್ನೊಂದು ಕಾರಣ ಅಚ್ಚು. ಸೈಕಲ್‌ನಲ್ಲಿ ಚಕ್ರದ ಅಚ್ಚನ್ನು ಎರಡೂ ಕಡೆಯಿಂದ ಫೋರ್ಕ್ ಹಿಡಿದಿರುತ್ತದೆ. ಕೆಲವು ವೆಲ್ಡಿಂಗ್ ಅಂಗಡಿಯವರು ಸೈಕಲ್ ಚಕ್ರವನ್ನು ಗಾಡಿಗೆ ಒಂದೇ ಕಡೆಯಿಂದ ಸಿಕ್ಕಿಸಿಬಿಡುತ್ತಾರೆ. ಆ ತೆಳು ಅಚ್ಚು ದಿನದಿನಕ್ಕೆ ಬಗ್ಗುತ್ತದೆ, ಚಕ್ರ ಒಳಗಡೆಗೆ ವಾಲಿಕೊಳ್ಳುತ್ತದೆ. ಕಡ್ಡಿ ಚಕ್ರ ಹಾಕಿಸುವುದಾದರೆ ಎರಡೂ ಕಡೆ ಪಟ್ಟಿ ಕೊಟ್ಟು ಹಿಡಿಸಿ ಅಂತ ಒತ್ತಾಯ ಮಾಡಿ. ಕಡ್ಡಿ, ರಿಮ್, ಅಚ್ಚು ಮೂರೂ ಸೈಕಲ್‌ದಲ್ಲ, ಸೈಕಲ್ ರಿಕ್ಷಾದ್ದು, ದಪ್ಪದ್ದು ಬೇಕು ಅಂತ ಕೇಳಿ. ನಮ್ಮ ಸದಸ್ಯೆಗೆ ಎರಡನೇ ಸಲ ಮೋಸವಾದದ್ದು ಇಲ್ಲೇ. ಹಾಕಿದ್ದು ಬರೀ ಸೈಕಲ್‌ನ ಮುಂಚಕ್ರ.

ಮೊದಲು ತೂಕದ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಪೆನ್ನು ಹಿಡಿದು ಕೂತುಕೊಳ್ಳಿ. ಈರುಳ್ಳಿ ಮೂಟೆ 50 ಕೆ.ಜಿ. ಕೋಲಾರದ ಟೊಮೇಟೊ ಬಾಕ್ಸ್ 15 ಕೆ.ಜಿ. ಇಡ್ಲಿ ಗಾಡಿಯಾದರೆ 20 ಲೀಟರಿನ ನೀರಿನ ಕ್ಯಾನ್ 20 ಕೆ.ಜಿ., ತುಂಬಿದ ಮನೆ ಸಿಲಿಂಡರ್ ಹೆಚ್ಚುಕಡಿಮೆ 30 ಕೆ.ಜಿ. (ಒಳಗಿನ ಗ್ಯಾಸ್ 14.2 ಕೆ.ಜಿ., ಉಳಿದದ್ದು ಕಬ್ಬಿಣ. ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುವ ಮಾತು ಬೇರೆ ಇದೆ, ಅದನ್ನು ಇನ್ನೊಂದು ಸಲ ಮಾತಾಡೋಣ.) ಇದಕ್ಕೆಲ್ಲಾ ಗಾಡಿಯ ಸ್ವಂತ ತೂಕ ಸೇರಿಸಿ.

ಗಾಡಿ 80 ಕೆ.ಜಿ., ಮಾಲು 200 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಟ್ಟು 280. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 70 ಕೆ.ಜಿ. ಆದರೆ ಅಷ್ಟಕ್ಕೇ ಚಕ್ರ ಕೊಂಡರೆ ಕೆಟ್ಟೆವು! ಒಂದು ಚಕ್ರ ಗುಂಡಿಗೆ ಇಳಿದಾಗ ಗಾಡಿ ಕುಂಟುವ ಮೇಜಿನ ಹಾಗೆ ಎರಡು ಕಾಲಿನ ಮೇಲೆ ನಿಲ್ಲುತ್ತದೆ, ಅಡ್ಡ ಮೂಲೆಯ ಎರಡು ಚಕ್ರಗಳ ಮೇಲೇ ಹೆಚ್ಚುಕಡಿಮೆ ಪೂರ್ತಿ ಭಾರ ಬೀಳುತ್ತದೆ. ಆದ್ದರಿಂದ ಒಂದೊಂದು ಚಕ್ರವೂ 140 ಕೆ.ಜಿ. ತಡೆಯಬೇಕು ಅಂತ ಲೆಕ್ಕ ಹಾಕಿ. ನಮ್ಮ ಲೇಔಟ್ ರಸ್ತೆಗಳಲ್ಲಿ ಪೈಪಿಗೆ ಅಂತ ಅಗೆದದ್ದು ಮುಚ್ಚುವುದರೊಳಗೆ ಕೇಬಲ್‌ಗೆ ಅಂತ ಅಗೆಯುತ್ತಾರೆ. ಗುಂಡಿ ಸಿಗದ ದಿನ ಇಲ್ಲ.

ದೊಡ್ಡ ಚಕ್ರವೋ, ಚಿಕ್ಕ ಚಕ್ರವೋ?

ಚಿಕ್ಕ ಚಕ್ರ ಗಟ್ಟಿ, ಅಗ್ಗ ಅಂತ ಹೇಳುವವರಿದ್ದಾರೆ. ಗಟ್ಟಿ ಹೌದು. ಆದರೆ ತಳ್ಳುವವರು ಯಾರು? ಎರಡು ಇಂಚಿನ ಕಲ್ಲು ಅಡ್ಡ ಬಂತು, ಚಕ್ರದ ಮೇಲೆ 75 ಕೆ.ಜಿ. ಭಾರ ಇದೆ ಅನ್ನಿ. 28 ಇಂಚಿನ ಚಕ್ರವನ್ನು ಅದರ ಮೇಲೆ ಹತ್ತಿಸಲು ಸುಮಾರು 45 ಕೆ.ಜಿ.ಯಷ್ಟು ಬಲ ಬೇಕು. 16 ಇಂಚಿನ ಚಕ್ರಕ್ಕೆ 66 ಕೆ.ಜಿ. ಟ್ರಾಲಿಗೆ ಹಾಕುವ 8 ಇಂಚಿನ ಪುಟ್ಟ ಚಕ್ರಕ್ಕೆ 130 ಕೆ.ಜಿ., ಅಂದರೆ ಭಾರಕ್ಕಿಂತಲೂ ಜಾಸ್ತಿ! ಇದು ಗಟ್ಟಿ ಚಕ್ರದ ಲೆಕ್ಕ, ಗಾಳಿ ಟಯರ್ ಸ್ವಲ್ಪ ಬಗ್ಗಿಕೊಡುವುದರಿಂದ ಇದಕ್ಕಿಂತ ಹಗುರವಾಗುತ್ತದೆ. ಆದರೂ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ಎಷ್ಟು ನೋಡಿ. ಸಂಜೆ ಭುಜ ನೋವು, ಸೊಂಟ ನೋವು ಅಂತ ನಮ್ಮ ಆರೋಗ್ಯ ಶಿಬಿರಕ್ಕೆ ಬರುವವರಲ್ಲಿ ಗಾಡಿಯವರು ಬಹಳ. ಮುಲಾಮಿನ ಜೊತೆ ಚಕ್ರದ ವಿಷಯವನ್ನೂ ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಗಾಳಿ ತುಂಬಿದ ಟಯರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ, ಆಗ ಅದು ನಡೆಯಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರ್ ಜಾನ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್‌ಗೆ ಅದನ್ನು ಮತ್ತೆ ಮಾಡಿದ. ನಮ್ಮ ಹಳ್ಳಿಗಳಲ್ಲಿ ಟಯರ್ ಎತ್ತಿನಗಾಡಿಗೆ ಡನ್ಲಪ್ ಗಾಡಿ ಅನ್ನುವುದು ಆತನ ಹೆಸರಿನಿಂದಲೇ. ಬೆಂಗಳೂರಿನ ಐ.ಐ.ಎಂ. ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಹೆಗಲಿನ ನೋವು ಕಡಿಮೆಯಾಗಲಿ ಅಂತ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಗಾಡಿ ತಳ್ಳುವ ಹೆಂಗಸಿನ ಹೆಗಲಿಗೂ ಅಂಥವರೊಬ್ಬರು ಬೇಕಿತ್ತು.

ಯಾವ ಗಾಡಿಗೆ ಯಾವುದು?

ಇಸ್ತ್ರಿ ಗಾಡಿ ದಿನವಿಡೀ ಒಂದೇ ಮರದ ಕೆಳಗೆ ನಿಲ್ಲುತ್ತದೆ. ಅದಕ್ಕೆ ಗಾಳಿ ಟಯರ್ ದಂಡ. ಬಿಸಿಲಿಗೆ ಬಿರಿಯುತ್ತದೆ, ನಿಂತಲ್ಲೇ ಗಾಳಿ ಇಳಿಯುತ್ತದೆ. ಗಟ್ಟಿ ರಬ್ಬರ್ ಸಾಕು. ಬೀದಿ ಬೀದಿ ಸುತ್ತುವ ತರಕಾರಿ ಗಾಡಿಗೆ 28 ಇಂಚಿನ ದಪ್ಪ ಕಡ್ಡಿಯ ಚಕ್ರ, ಗಾಳಿ ಟಯರ್ ಒಳ್ಳೆಯದು. ಹೊಸ ಕಟ್ಟಡಗಳ ಹತ್ತಿರ ಮೊಳೆ ಚುಚ್ಚಿ ಪಂಕ್ಚರ್ ಆಗುತ್ತದೆ, ನಿಜ. ಆದರೆ ಗಟ್ಟಿ ರಬ್ಬರಿನ ಕುಲುಕಾಟಕ್ಕೆ ಕೆಳಗಿನ ಸಾಲಿನ ಟೊಮೇಟೊ ದಿನಾ ಜಜ್ಜಿಹೋಗುವ ನಷ್ಟದ ಮುಂದೆ ವಾರಕ್ಕೊಂದು ಪಂಕ್ಚರ್ ದೊಡ್ಡದಲ್ಲ. ಮೊಟ್ಟೆ ಮಾರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಲೆ, ಕಲ್ಲು, ಸಿಲಿಂಡರ್ ಇರುವ ಭಾರದ ತಿಂಡಿ ಗಾಡಿ ದಿನಕ್ಕೆ ಎರಡೇ ಸಲ ಅಲುಗುತ್ತದೆ. ಅದಕ್ಕೆ ಆಟೋ ಅಥವಾ ಸ್ಕೂಟರ್ ಚಕ್ರ ಹಾಕಿಸಬಹುದು. ಒಂದೇ ಕಡೆಯಿಂದ ಹಿಡಿಸಲೆಂದೇ ಅವನ್ನು ಮಾಡಿರುತ್ತಾರೆ, ಪಕ್ಕದ ಒತ್ತಡವನ್ನೂ ತಡೆಯುತ್ತವೆ.

ಟಯರ್ ಮೇಲಿನ ಅಕ್ಷರ ಓದುವುದು

ಇಲ್ಲಿ ನಾವೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮೂವರು ಸದಸ್ಯೆಯರಿಗೆ ಒಟ್ಟಿಗೆ ಟಯರ್ ಕೊಂಡರೆ ಅಗ್ಗ ಅಂತ ಪೇಟೆಯಿಂದ ಹನ್ನೆರಡು ಟಯರ್ ತಂದೆವು. "28 ಅಂದ್ರೆ 28 ತಾನೇ" ಅಂದುಕೊಂಡೆವು. ಒಂದೂ ರಿಮ್ಮಿಗೆ ಹತ್ತಲಿಲ್ಲ. ರಸೀದಿ ಕೇಳಿರಲಿಲ್ಲ, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಖಜಾಂಚಿ ಅಕ್ಕ ಒಂದು ತಿಂಗಳು ನಮ್ಮ ಮುಖ ನೋಡಲಿಲ್ಲ. ಆಮೇಲೆ ಸೈಕಲ್ ರಿಪೇರಿಯ ಮುದುಕರೊಬ್ಬರು ತೋರಿಸಿಕೊಟ್ಟರು: ಟಯರಿನ ಪಕ್ಕದಲ್ಲಿ ಇಂಚಿನ ಜೊತೆ ಮಿಲಿಮೀಟರ್ ಸಂಖ್ಯೆಯೂ ಇರುತ್ತದೆ. ನಮ್ಮ ಹಳೆಯ ಸೈಕಲ್ ಟಯರ್ 28 × 1½, ಅದರ ಸಂಖ್ಯೆ 40-635. 28 ಅಂತಲೇ ಬರೆದಿರುವ ಇನ್ನೊಂದು ಜಾತಿಯಲ್ಲಿ ಕೊನೆಯ ಸಂಖ್ಯೆ 622. ಅದು ಅರ್ಧ ಇಂಚು ಚಿಕ್ಕದು. ಚಿಕ್ಕ ಟಯರ್ ದೊಡ್ಡ ರಿಮ್ಮಿಗೆ ಹತ್ತುವುದಿಲ್ಲ. ದೊಡ್ಡ ಟಯರ್ ಚಿಕ್ಕ ರಿಮ್ಮಿನಿಂದ ಕಳಚಿಬೀಳುತ್ತದೆ. ಇಂಚು ಬಿಡಿ, ಮಿಲಿಮೀಟರ್ ನೋಡಿ. ಅಕ್ಷರ ಅಳಿಸಿಹೋಗಿದ್ದರೆ ಹಳೆಯ ಚಕ್ರವನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ.

ಆಟೋ ಟಯರ್ ಮೇಲೆ 4.00-8 ಅಂತ ಇರುತ್ತದೆ. ಅಗಲ 4 ಇಂಚು, ರಿಮ್ 8 ಇಂಚು. ಹಳೆಯ ಬಜಾಜ್ ಸ್ಕೂಟರಿನದು 3.50-10. ಪಕ್ಕದಲ್ಲಿ ಭಾರದ ಸಂಕೇತವೂ ಇರುತ್ತದೆ. 51 ಅಂದರೆ 195 ಕೆ.ಜಿ., 71 ಅಂದರೆ 345 ಕೆ.ಜಿ. ನಾವು ಹಾಕಿದ 140ರ ಲೆಕ್ಕಕ್ಕೆ ಸ್ಕೂಟರ್ ಟಯರೇ ಧಾರಾಳವಾಯಿತು. ಟಯರ್ ಹುಟ್ಟಿದ ದಿನವನ್ನು ನಾಲ್ಕು ಅಂಕಿಯಲ್ಲಿ ಒತ್ತಿರುತ್ತಾರೆ. 2319 ಅಂದರೆ 2019ರ 23ನೇ ವಾರ. 2009ರ ಸರ್ಕಾರಿ ಆದೇಶದಿಂದ ಮೋಟಾರು ವಾಹನದ ಟಯರಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಹೊಸದು ಕೊಳ್ಳುವುದಾದರೆ ಅದನ್ನೂ ನೋಡಿ.

ಹಳೆ ಆಟೋ ಟಯರ್ ಕೊಳ್ಳಬಹುದೇ? ಕೊಳ್ಳಬಹುದು. ಮೇಲಿನ ಹಲ್ಲು ಸವೆದಿದ್ದರೆ ನಡಿಗೆಯ ವೇಗದ ಗಾಡಿಗೆ ದೊಡ್ಡ ತೊಂದರೆ ಇಲ್ಲ. ಆದರೆ ಟಯರನ್ನು ಕೈಯಲ್ಲಿ ಬಗ್ಗಿಸಿ ಪಕ್ಕದ ಗೋಡೆ ನೋಡಿ. ಬಿರುಕು ಬಿಟ್ಟಿದ್ದರೆ, ಒಳಗಿನ ನೂಲು ಕಾಣಿಸಿದರೆ, ಎಲ್ಲಾದರೂ ಬಾವು ಬಂದ ಹಾಗೆ ಉಬ್ಬಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಒಂದೇ ಅಚ್ಚಿನ ಎರಡು ಕಡೆಗೂ ಒಂದೇ ಅಳತೆಯ ಜೋಡಿ ಹಾಕಿ. ಇಲ್ಲದಿದ್ದರೆ ಗಾಡಿ ಒಂದು ಕಡೆಗೇ ಎಳೆಯುತ್ತದೆ. ಹೊಸ ಟಯರಿಗೆ ಹಳೆ ಟ್ಯೂಬ್ ಹಾಕಿ ಉಳಿತಾಯ ಮಾಡಬೇಡಿ.

ಜೀವದ ಮಾತು ಒಂದಿದೆ. ಹಳೆಯ ಸ್ಕೂಟರ್, ಆಟೋ ರಿಮ್ಮುಗಳು ಎರಡು ತಟ್ಟೆ ಸೇರಿಸಿ ನಟ್ಟು ಬಿಗಿದ ಹಾಗೆ ಇರುತ್ತವೆ. ಚಕ್ರವನ್ನು ಗಾಡಿಗೆ ಹಿಡಿಸುವ ನಟ್ಟುಗಳು ಬೇರೆ, ಈ ಎರಡು ತಟ್ಟೆಗಳನ್ನು ಸೇರಿಸುವ ನಟ್ಟುಗಳು ಬೇರೆ. ಒಳಗೆ ಗಾಳಿ ಇರುವಾಗ ತಟ್ಟೆಯ ನಟ್ಟು ಬಿಚ್ಚಿದರೆ ರಿಮ್ ಸಿಡಿದು ಮುಖಕ್ಕೇ ಬಡಿಯುತ್ತದೆ. ಮೊದಲು ಪೂರ್ತಿ ಗಾಳಿ ಬಿಡಬೇಕು, ಆಮೇಲೆ ಸ್ಪ್ಯಾನರ್. ಮನೆಯ ಗಂಡು ಹುಡುಗರಿಗೆ ಇದನ್ನು ತಪ್ಪದೆ ಹೇಳಿ, ಬಿಚ್ಚೋಕೆ ಮೊದಲು ಕೈ ಹಾಕುವವರು ಅವರೇ.

ನೋಡಿಕೊಳ್ಳುವುದು, ದುಡ್ಡು ಹೊಂದಿಸುವುದು

ವಾರಕ್ಕೊಮ್ಮೆ ಗಾಳಿ. ಕಡ್ಡಿ ಚಕ್ರಕ್ಕೆ ಸೈಕಲ್ ಪಂಪು ಸಾಕು, ಆಟೋ ಟಯರಿಗೆ ಪೆಟ್ರೋಲ್ ಬಂಕಿನಲ್ಲಿ ಉಚಿತವಾಗಿ ಹಾಕುತ್ತಾರೆ. ಎಷ್ಟು ಗಾಳಿ ಅಂತ ಟಯರ್ ಮೇಲೇ ಬರೆದಿರುತ್ತದೆ. ತಿಂಗಳಿಗೊಮ್ಮೆ ಖಾಲಿ ಗಾಡಿಯನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿಯಿರಿ. ಸುಣ್ಣ ಒಂದೇ ಕಡೆ ತಾಗಿದರೆ ರಿಮ್ ಸೊಟ್ಟಗಾಗಿದೆ. ಸ್ಪ್ಯಾನರಿನಿಂದ ಕಡ್ಡಿಗಳನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಬಿಗಿಯಾದದ್ದು ಟಿಂಗ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರವನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಲಟಲಟ ಅಂದರೆ ಒಳಗಿನ ಬಾಲ್‌ಗಳು ಸವೆದಿವೆ, ಗ್ರೀಸ್ ಒಣಗಿದೆ. ನಮ್ಮ ಸದಸ್ಯೆಯ ಗಾಡಿಯನ್ನು ಹೀಗೆ ಒಂದು ಸಲ ತಟ್ಟಿ ನೋಡಿದ್ದರೂ ತಿಳಿಯುತ್ತಿತ್ತು.

ದಿನಕ್ಕೆ 5 ರೂಪಾಯಿ ಬೇರೆ ಡಬ್ಬಿಗೆ ಹಾಕಿ. ತಿಂಗಳಿಗೆ 26 ದಿನ ವ್ಯಾಪಾರ ಅಂದರೆ 130 ರೂಪಾಯಿ, ವರ್ಷಕ್ಕೆ 1,560. ನಮ್ಮ ಒಂದು ಸಂಘ ಈಗ ಹೊಸ ಠರಾವು ಮಾಡಿದೆ: ಗಾಡಿ ಮುರಿದರೆ ಸಭೆಯ ದಿನ ಕಾಯದೆ ಇಬ್ಬರು ಪ್ರತಿನಿಧಿಗಳ ಸಹಿಯಿಂದ ಅದೇ ದಿನ ತುರ್ತು ಸಾಲ ಕೊಡಬಹುದು, ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು. ಆ ಠರಾವು ಆಗುವ ದಿನ ಜಗಳವೂ ಆಯಿತು. "ಇವತ್ತು ಚಕ್ರ, ನಾಳೆ ಇನ್ನೇನು?" ಅಂತ ಕೇಳಿದರು. ತರಕಾರಿ ಅಕ್ಕ ಎದ್ದು ನಿಂತು ತಾನು ಕಟ್ಟಿದ ಬಡ್ಡಿ ಎಷ್ಟು ಅಂತ ಹೇಳಿದ ಮೇಲೆ ಯಾರೂ ಮಾತಾಡಲಿಲ್ಲ.

2020ರಲ್ಲಿ ಶುರುವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲೂ ಬೀದಿ ವ್ಯಾಪಾರಿಗಳಿಗೆ ಬ್ಯಾಂಕ್ ಸಾಲ ಇದೆ. 2025ರ ಬದಲಾವಣೆಯಂತೆ ಮೊದಲ ಕಂತು 15,000 ರೂಪಾಯಿವರೆಗೆ, ಸರಿಯಾಗಿ ತೀರಿಸಿದರೆ 25,000, ಆಮೇಲೆ 50,000. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಾಲಿಕೆ ಕೊಡುವ ಗುರುತಿನ ಚೀಟಿ ನಿಮ್ಮ ಹತ್ತಿರ ಇದ್ದರೆ ಅರ್ಜಿ ಸುಲಭ. ಇಲ್ಲದವರು ನಮ್ಮ ಕಾರ್ಯಕರ್ತೆಯರ ಬಳಿ ಹೆಸರು ಬರೆಸಿ.

ಮುಂದಿನ ಸಭೆಗೆ ಗಾಡಿ ಇರುವವರೆಲ್ಲಾ ಗಾಡಿ ಖಾಲಿ ಮಾಡಿಕೊಂಡು ತನ್ನಿ. ಸೀಮೆಸುಣ್ಣ, ಅಳತೆ ಟೇಪು, ಒಂದು ಸ್ಪ್ಯಾನರ್ ನಾವು ತರುತ್ತೇವೆ. ಗಾಡಿ ಇಲ್ಲದವರೂ ಬನ್ನಿ, ಎತ್ತಿ ಇಟ್ಟಿಗೆ ಕೊಡೋಕೆ ಜನ ಬೇಕು. ಸಂಘದ ಪಂಪು ಯಾರ ಮನೆಯಲ್ಲಿದೆಯೋ ಅವರು ಮರೆಯದೆ ತರಬೇಕು.